ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಕೈ

ಕೇಳುಗರಿಗೆ ನಮಸ್ಕಾರ.

ಮನೆಯಲ್ಲಿ ನಾಲ್ಕೈದು ವರ್ಷದ ಮಗು ಇರುವ ತಾಯಂದಿರು, ಅಪ್ಪಂದಿರು, ಅಜ್ಜ ಅಜ್ಜಿಯರು ಈಗ ರೇಡಿಯೊ ಹತ್ತಿರ ಕೂತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ. ಅಕ್ಷರ ಕಲಿಸಬೇಕು ಅಂದ ಕೂಡಲೇ ನಾವು ಗೋಡೆಗೆ ವರ್ಣಮಾಲೆ ಪಟ ಅಂಟಿಸುತ್ತೇವೆ, ಮಗುವಿನ ಕೈಗೆ ಪೆನ್ಸಿಲ್ ಕೊಡುತ್ತೇವೆ. ಎರಡೂ ಸ್ವಲ್ಪ ದಿನ ಬದಿಗಿರಲಿ. ಮೊದಲು ಕಿವಿ, ಆಮೇಲೆ ಕಣ್ಣು, ಕೊನೆಗೆ ಕೈ. ಇವತ್ತು ನಾನು ಹೇಳುವುದೆಲ್ಲ ಇಷ್ಟೇ.

ಕಿವಿಗೆ ಪಾಠ ಅಂದರೆ ಪುಸ್ತಕ ಬೇಡ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಾ ಮಾಡಬಹುದು. ಒಂದು ಮಾತು ಹೇಳಿ, ಚಪ್ಪಾಳೆ ತಟ್ಟಿಸಿ. ಮರ, ಎರಡು ಚಪ್ಪಾಳೆ. ಕಿಟಕಿ, ಮೂರು. ಬಾಳೆಹಣ್ಣು, ನಾಲ್ಕು. ಅದು ಬಂದ ಮೇಲೆ ಕೇಳಿ: "ಮರ, ಮನೆ, ಮಳೆ, ಮೂರರಲ್ಲೂ ಮೊದಲು ಏನು ಕೇಳಿಸ್ತು ಪುಟ್ಟಾ?" ಆಮೇಲೆ ಕೊನೆಯ ಅಕ್ಷರ. ಆಮೇಲೆ "ಕಿಟಕಿಯಲ್ಲಿ ಮೊದಲ ಕಿ ಬಿಟ್ಟು ಹೇಳು" ಅನ್ನಿ. ಈ ಆಟಕ್ಕೆ ಎರಡು ವಾರ ಕೊಡಿ. ಮಾತನ್ನು ಬಿಡಿಸಿ ಕೇಳಲು ಬಂದ ಮಗುವಿಗೆ ಅಕ್ಷರ ಕಲಿಯುವುದು ಕಷ್ಟವಲ್ಲ.

ಹೀಗೆ ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಮಗುವಿನ ಕಥೆ ಕೇಳಿ. ಒಂದನೇ ತರಗತಿಯ ಹುಡುಗಿ. 49 ಅಕ್ಷರವನ್ನೂ ಉಸಿರು ಬಿಡದೆ ಒಪ್ಪಿಸುತ್ತಾಳೆ. ಕಾಗುಣಿತವೂ ಅಷ್ಟೇ: ಕ ತಲೆಕಟ್ಟು ಕ, ಕ ಇಳಿ ಕಾ, ಕ ಗುಡಿಸು ಕಿ... ಮನೆಗೆ ಬಂದವರ ಮುಂದೆಲ್ಲ ಹೇಳಿಸುತ್ತಿದ್ದರು. ಒಂದು ದಿನ ಅವಳ ಅಜ್ಜಿ ಕಾಗದದ ಮೇಲೆ "ಗರಗಸ" ಅಂತ ಬರೆದು ಓದು ಅಂದರು. ಮಗು ಗೋಡೆಯ ಪಟದ ಹತ್ತಿರ ಓಡಿತು. ಬೆರಳಿಟ್ಟುಕೊಂಡು ಕ, ಖ, ಗ ಅಂತ ಹೇಳಿಕೊಂಡು ಬಂದು "ಗ" ಅಂದಿತು. ಮುಂದಿನ ರ ಸಿಗಲು ಮತ್ತೆ ಅಲ್ಲಿಂದಲೇ ಶುರು! ಅವಳಿಗೆ ಗೊತ್ತಿದ್ದದ್ದು ಪಟದಲ್ಲಿ ಅಕ್ಷರದ ಜಾಗ, ಅಕ್ಷರ ಗೊತ್ತಿರಲಿಲ್ಲ. ಅಜ್ಜಿ "ಅರಸ" ಅಂತ ಬರೆದರು. ಮಗು ಓದಿದ್ದು ಹೇಗೆ ಗೊತ್ತೇ? "ಅರಸ, ರಥ, ಸರ." ಪಟದಲ್ಲಿ ಪ್ರತಿ ಅಕ್ಷರದ ಪಕ್ಕದಲ್ಲಿದ್ದ ಚಿತ್ರದ ಹೆಸರನ್ನೇ ಅಕ್ಷರದ ಹೆಸರು ಅಂದುಕೊಂಡಿತ್ತು ಆ ಕೂಸು. ಅದರ ತಪ್ಪೇನೂ ಇಲ್ಲ, ನಾವು ಹೇಳಿಕೊಟ್ಟದ್ದೇ ಹಾಗೆ.

ಇನ್ನು ಕಣ್ಣು. ಅಜ್ಜಿ ಬಹಳ ಜಾಣೆ. ಪಟವನ್ನು ಸುತ್ತಿ ಅಟ್ಟಕ್ಕೆ ಹಾಕಿದರು. ಹಳೇ ಲಗ್ನಪತ್ರಿಕೆಗಳನ್ನು ಅಂಗೈಯಗಲಕ್ಕೆ ಕತ್ತರಿಸಿ ಐದೇ ಐದು ಅಕ್ಷರ ಬರೆದರು: ರ, ಗ, ಸ, ದ, ಅ. ಪ್ರತಿಯೊಂದಕ್ಕೂ ಎರಡೆರಡು ಚೀಟಿ. ಚಿತ್ರ ಇಲ್ಲ. ಚೀಟಿ ತೋರಿಸಿದಾಗ ಧ್ವನಿ ಮಾತ್ರ ಹೇಳಬೇಕು. ಆಮೇಲೆ ಎರಡು ಚೀಟಿ ಜೋಡಿಸಿ "ಸರ". ಅದನ್ನೇ ಅದಲು ಬದಲು ಮಾಡಿ "ರಸ". ಮಗು ಕಣ್ಣರಳಿಸಿತು. ಆಮೇಲೆ ದರ, ಅರಸ, ಅಗಸ, ದಸರ. ಕೊನೆಗೆ ಗರಗಸ. ಐದು ಅಕ್ಷರದಲ್ಲಿ ಇಷ್ಟು ಮಾತು! ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿ ಪದ್ಧತಿ, 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದದ್ದು, ಕನ್ನಡವನ್ನು ಇದೇ ರ ಗ ಸ ದ ಅ ದಿಂದ ಆರಂಭಿಸುತ್ತದೆ. ಅಆಇಈ ಕ್ರಮ ಬಾಯಿಪಾಠಕ್ಕೆ ಚೆಂದ, ನಿಘಂಟು ನೋಡಲು ಬೇಕೇ ಬೇಕು. ಓದಲು ಕಲಿಯುವ ದಾರಿ ಅದಲ್ಲ. ಅ ಆ ಇ ಈ ನಾಲ್ಕೂ ಕಲಿತ ಮಗು ಎಷ್ಟು ಮಾತು ಓದಬಲ್ಲದು, ನೀವೇ ಯೋಚಿಸಿ.

ಐದು ಗಟ್ಟಿಯಾದ ಮೇಲೆ ಮುಂದಿನ ಐದು: ಜ ವ ಮ ಬ ನ. ಮರ, ಜನ, ವನ, ಬಸವ. ಮ ಮತ್ತು ವ ಒಂದೇ ದಿನ ಬೇಡ, ನೋಡಲು ಒಂದೇ ಥರ. ದ-ಧ, ಬ-ಭ, ಪ-ಷ ಜೋಡಿಗಳಿಗೂ ಇದೇ ಮಾತು. ಒಂದು ಗಟ್ಟಿಯಾದ ಮೇಲೆ ಇನ್ನೊಂದು. ಮಹಾಪ್ರಾಣ ಹತ್ತನ್ನೂ ಕೊನೆಗಿಡಿ. ಹೇಳಿಕೊಡುವಾಗ ಮಗುವಿನ ಅಂಗೈ ಅದರ ಬಾಯಿಯ ಮುಂದೆ ಹಿಡಿಸಿ. ಕ ಅಂದಾಗ ಗಾಳಿ ಅಷ್ಟಾಗಿ ತಾಗುವುದಿಲ್ಲ, ಖ ಅಂದಾಗ ಬಿಸಿಯಾಗಿ ತಾಗುತ್ತದೆ. ಹಳೇ ಮೈಸೂರು ಕಡೆ ಎಷ್ಟೋ ಮನೆಗಳಲ್ಲಿ ಹಾಲಿಗೆ ಆಲು ಅನ್ನುತ್ತಾರೆ. ಅಲ್ಲಿನ ಮಗು "ಆಲು" ಅಂತಲೇ ಬರೆದರೆ ದಯವಿಟ್ಟು ಬೈಯಬೇಡಿ. ಅದರ ಕಿವಿ ಚೆನ್ನಾಗಿ ಕೆಲಸ ಮಾಡುತ್ತಿದೆ ಅಂತ ಅರ್ಥ. "ಪುಸ್ತಕದಲ್ಲಿ ಹಾಲು ಅಂತಾರೆ, ಕೇಳಿಸ್ಕೋ" ಅನ್ನಿ, ಸಾಕು.

ಇನ್ನು ಕೈ. ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. ಅಕ್ಷರಾಭ್ಯಾಸದ ದಿನ ಅಕ್ಕಿಯ ಮೇಲೆ ಬೆರಳಲ್ಲಿ ಬರೆಸುತ್ತೀರಲ್ಲ, ಮಾರನೇ ದಿನ ಆ ತಟ್ಟೆ ಯಾಕೆ ಒಳಗೆ ಹೋಗಬೇಕು? ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ರವೆ ಅಥವಾ ಮರಳು ಹರಡಿ. ತೋರುಬೆರಳಲ್ಲಿ ಅಂಗೈಯಷ್ಟು ದೊಡ್ಡ ಅಕ್ಷರ, ಬರೆಯುತ್ತಾ ಬಾಯಲ್ಲಿ ಅದರ ಧ್ವನಿ. ಬಾಯಿ ಮುಚ್ಚಿಕೊಂಡು ಬರೆದರೆ ಅದು ಬರೀ ಗೀಟು. ಆಮೇಲೆ ಸ್ಲೇಟು ಬಳಪ. ಬಳಪವನ್ನು ಒಂದೂವರೆ ಅಂಗುಲಕ್ಕೆ ಮುರಿದು ಕೊಡಿ; ತುಂಡು ಚಿಕ್ಕದಿದ್ದರೆ ಮುಷ್ಟಿಯಲ್ಲಿ ಹಿಡಿಯಲು ಆಗುವುದಿಲ್ಲ, ಬೆರಳ ತುದಿಗೇ ಬರುತ್ತದೆ. ಪೆನ್ಸಿಲ್ ಕೊನೆಗೆ. ಮಗು ಎಡಗೈಯಲ್ಲಿ ಹಿಡಿದರೆ ಎಡಗೈಯಲ್ಲೇ ಬರೆಯಲಿ.

ಮೊದಲು ಅಕ್ಷರದ ಒಡಲು, ಆಮೇಲೆ ತಲೆಕಟ್ಟು. ಇದರಲ್ಲಿ ರಾಜಿ ಬೇಡ. ತಲೆಕಟ್ಟು ಮೊದಲೇ ಹಾಕುವ ಮಗು ಗಿ, ಸಿ, ದಿ ಬರೆಯುವಾಗ ತಲೆಕಟ್ಟನ್ನೂ ಹಾಕಿ ಅದರ ಮೇಲೆ ಗುಡಿಸನ್ನೂ ಹೇರುತ್ತದೆ, ಯಾಕೆಂದರೆ ಎರಡಕ್ಕೂ ಜಾಗ ಒಂದೇ. ಮತ್ತೆ, ಪುಟಗಟ್ಟಲೆ ಕಾಪಿ ಬರೆಸಬೇಡಿ. ಮಗುವಿನ ಪುಸ್ತಕ ತೆಗೆದು ನೋಡಿ: ಮೊದಲ ಸಾಲು ದುಂಡಗಿರುತ್ತದೆ, ಕೊನೆಯ ಸಾಲು ಗುರುತೇ ಸಿಗುವುದಿಲ್ಲ. ಮಗು ನಿಮ್ಮ ಅಕ್ಷರ ನೋಡಿ ಬರೆಯುವುದು ಒಂದೇ ಸಲ. ಆಮೇಲೆಲ್ಲ ಮೇಲಿನ ಸಾಲಿನ ತನ್ನ ತಪ್ಪನ್ನೇ ನೋಡಿ ಬರೆಯುತ್ತದೆ. ಮೂರು ಸಲ ಬರೆಸಿ, ಚೆನ್ನಾಗಿರುವುದಕ್ಕೆ ಅದರ ಕೈಯಲ್ಲೇ ಸುತ್ತು ಹಾಕಿಸಿ, ನಿಲ್ಲಿಸಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ ಧಾರಾಳ.

ಇಂಗ್ಲಿಷ್ ಯಾವಾಗ ಅಂತ ಕೇಳುವವರಿಗೆ ಒಂದು ಮಾತು. ಅಲ್ಲೂ ಮೊದಲು ಕಿವಿ. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ, ಇಂಗ್ಲಿಷಿನಲ್ಲಿ ಹಾಗಿಲ್ಲ. ಡಬ್ಲ್ಯು ಅನ್ನುವ ಹೆಸರು ಶುರುವಾಗುವುದೇ ಡ ದಿಂದ. ಅದನ್ನು ನಂಬಿದ ಮಗು ವಾಟರ್ ಹೇಗೆ ಓದೀತು? ಎ, ಬಿ, ಸಿ, ಡಿ ಹಾಡು ಹಾಡಲಿ, ಬೇಡ ಅನ್ನುವುದಿಲ್ಲ. ಕಲಿಸುವಾಗ ಮಾತ್ರ ಎಸ್, ಎ, ಟಿ, ಪಿ, ಐ, ಎನ್, ಈ ಆರರಿಂದ ಹೊರಡಿ. ಹೆಸರು ಹೇಳದೆ ಸ್, ಆ್ಯ, ಟ್, ಪ್, ಇ, ನ್ ಅಂತ ಧ್ವನಿ ಹೇಳಿ. ಟ, ಪ ಅಂತ ಕೊನೆಗೆ ಅಕಾರ ಸೇರಿಸಬೇಡಿ, ಸೇರಿಸಿದರೆ ಪಿನ್ ಅನ್ನುವುದು ಪ-ಇ-ನ ಆಗಿಬಿಡುತ್ತದೆ. ಸ್ಯಾಟ್, ಪಿನ್, ಟಿನ್, ನ್ಯಾಪ್ ಇಷ್ಟರಲ್ಲೇ ಓದಬಹುದು. ಚೀಟಿಗೆ ಅದೇ ಲಗ್ನಪತ್ರಿಕೆ ಆದೀತು, ಕನ್ನಡದ ಚೀಟಿ ಜೊತೆ ಬೆರೆಯದ ಹಾಗೆ ಬೇರೆ ಬಣ್ಣದಲ್ಲಿ ಬರೆಯಿರಿ.

ನಮಸ್ಕಾರ.