ಹಕ್ಕಿ ತೋರಿಸುವವನ ಕೂಲಿ

(ವನ್ಯಜೀವಿ ಸಪ್ತಾಹದ ಅಂಗವಾಗಿ ಶಿರಸಿಯಲ್ಲಿ ನೀಡಿದ ಉಪನ್ಯಾಸ)

ಅಧ್ಯಕ್ಷರೇ, ವೇದಿಕೆಯ ಮೇಲಿರುವ ಹಿರಿಯರೇ, ಅರಣ್ಯ ಕಾಲೇಜಿನ ವಿದ್ಯಾರ್ಥಿಗಳೇ ಮತ್ತು ಮಳೆ ಬಿಡದಿದ್ದರೂ ಕೊಡೆ ಹಿಡಿದು ಬಂದು ಕುಳಿತಿರುವ ಬಂಧುಗಳೇ,

ಆಮಂತ್ರಣ ಪತ್ರಿಕೆಯಲ್ಲಿ ನನ್ನ ವಿಷಯವನ್ನು ‘ಶ್ರೀಲಂಕಾದ ಪಕ್ಷಿಲೋಕ’ ಎಂದು ಅಚ್ಚು ಹಾಕಿಸಿದ್ದಾರೆ. ಆದರೆ ನಾನು ಹೇಳಬೇಕೆಂದು ಬಂದದ್ದು ಹಕ್ಕಿಗಳಿಗಿಂತ ಹೆಚ್ಚಾಗಿ ಹಕ್ಕಿ ತೋರಿಸುವವರ ವಿಚಾರ. ಕಳೆದ ಚಳಿಗಾಲದಲ್ಲಿ ನಮ್ಮ ಸುತ್ತಮುತ್ತಲ ಊರುಗಳ ಕೆಲವರು ಸೇರಿ, ಅಲ್ಲಿಯ ಮಾರ್ಗದರ್ಶಿಯೊಬ್ಬನನ್ನು ಮೊದಲೇ ಗೊತ್ತುಮಾಡಿಕೊಂಡು, ಆ ದ್ವೀಪದ ಮಳೆಕಾಡು ಮತ್ತು ಬೆಟ್ಟಗಳಲ್ಲಿ ಸುತ್ತಾಡಿ ಬಂದೆವು. ನಾವು ಕಟ್ಟಿದ ಹಣದಲ್ಲಿ ವಿಮಾನ, ವ್ಯಾನು, ವಸತಿ, ಊಟ ಎಲ್ಲವೂ ಸೇರಿದ್ದವು. ಆದರೆ ಆ ಹಣಕ್ಕೆ ನಿಜವಾಗಿ ದಕ್ಕಿದ್ದು ಒಬ್ಬ ಮನುಷ್ಯನ ಕಿವಿ ಎಂಬುದು ನನ್ನ ಅಭಿಪ್ರಾಯ. ಅಂಥ ಕಿವಿಗಳು ಈ ಜಿಲ್ಲೆಯ ಊರೂರಲ್ಲಿ ಇದ್ದರೂ ನಾವು ಅವಕ್ಕೆ ಕೂಲಿ ಕೊಡುತ್ತಿಲ್ಲ ಎಂಬುದು ನನ್ನ ತಕರಾರು. ಈ ತಕರಾರನ್ನು ನಾನು ಇಂದು ಒಂದಕ್ಕಿಂತ ಹೆಚ್ಚು ಸಲ ಎತ್ತಲಿದ್ದೇನೆ, ದಯವಿಟ್ಟು ಸಹಿಸಿಕೊಳ್ಳಬೇಕು.

ಮೊದಲು ದ್ವೀಪದ ಮಾತು. ಶ್ರೀಲಂಕಾದ ವಿಸ್ತೀರ್ಣ ಸುಮಾರು 65,600 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ಮೂರರಲ್ಲಿ ಒಂದು ಪಾಲು. ಲೋಕದಲ್ಲಿ ಬೇರೆಲ್ಲಿಯೂ ಇಲ್ಲದೆ ಅಲ್ಲಿ ಮಾತ್ರ ಇರುವ, ಎಂಡೆಮಿಕ್ ಎಂದು ಕರೆಸಿಕೊಳ್ಳುವ ಹಕ್ಕಿಗಳು 33 ಎನ್ನುವವರಿದ್ದಾರೆ, 34 ಎನ್ನುವವರೂ ಇದ್ದಾರೆ; ಒಂದು ಹಕ್ಕಿಯನ್ನು ಪ್ರತ್ಯೇಕ ಪ್ರಭೇದ ಎನ್ನಬೇಕೋ ಉಪಪ್ರಭೇದ ಎನ್ನಬೇಕೋ ಎಂಬ ಪಂಡಿತರ ಜಗಳ ಮುಗಿಯುವ ತನಕ ಈ ಲೆಕ್ಕ ಹಾಗೆಯೇ ಹಿಂದೆ ಮುಂದೆ ಆಗುತ್ತಿರುತ್ತದೆ. ಹಿಮಯುಗದಲ್ಲಿ ಸಮುದ್ರದ ಮಟ್ಟ ನೂರು ಮೀಟರಿಗೂ ಹೆಚ್ಚು ಇಳಿದಿದ್ದಾಗ ಪಾಕ್ ಜಲಸಂಧಿಯ ಆಳವಿಲ್ಲದ ತಳ ಬಯಲಾಗಿ, ಲಂಕೆಗೂ ನಮಗೂ ನೆಲದ ದಾರಿಯೇ ಇತ್ತು. ಹಾಗಿದ್ದೂ ಅಲ್ಲಿಯ ಹಕ್ಕಿಗಳು ಬೇರೆಯಾಗಿ ಉಳಿದದ್ದು ಹೇಗೆ ಎಂದು ನೀವು ಕೇಳಬಹುದು. ದಾರಿಯೇನೋ ಇತ್ತು, ಆದರೆ ಅದು ಒಣನೆಲದ ದಾರಿ. ದ್ವೀಪದ ನೈಋತ್ಯ ಮೂಲೆಯ ಒದ್ದೆಕಾಡಿಗೂ ನಮ್ಮ ಘಟ್ಟದ ಒದ್ದೆಕಾಡಿಗೂ ನಡುವೆ ಕುರುಚಲು ಬಯಲು ಹಾಸಿಕೊಂಡಿತ್ತು, ಮತ್ತು ದಟ್ಟ ನೆರಳಿನಲ್ಲಿ ಬಾಳುವ ಹರಟೆಮಲ್ಲನೋ ಕೆಂಬೂತವೋ ನೆಲವಿದೆಯೆಂಬ ಒಂದೇ ಕಾರಣಕ್ಕೆ ಬಿಸಿಲುಗಾಡನ್ನು ದಾಟಿ ಹೋಗುವುದಿಲ್ಲ. ಆದ್ದರಿಂದ ಸಮುದ್ರಕ್ಕಿಂತ ಹೆಚ್ಚಾಗಿ ಒಣಹವೆಯೇ ಈ ಹಕ್ಕಿಗಳನ್ನು ಬೇರೆಮಾಡಿತು ಎನ್ನಬೇಕು.

ಆದರೂ ನಂಟು ಕಳಚಿಲ್ಲ. ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾವನ್ನು ವಿಜ್ಞಾನಿಗಳು ಒಂದೇ ಜೀವವೈವಿಧ್ಯ ತಾಣವೆಂದು ಎಣಿಸುತ್ತಾರೆ. ಅಲ್ಲಿಯ ಬೂದು ಮಂಗಟ್ಟೆಯನ್ನೂ (ಇಂಗ್ಲಿಷಿನಲ್ಲಿ ಹಾರ್ನ್‌ಬಿಲ್) ನಮ್ಮ ಮಲಬಾರ್ ಬೂದು ಮಂಗಟ್ಟೆಯನ್ನೂ ಹಿಂದೆ ಒಂದೇ ಪ್ರಭೇದವೆಂದು ಬಗೆಯಲಾಗಿತ್ತು. ಶ್ರೀಲಂಕಾದ ಹೆಸರು ಹೊತ್ತ ಕಪ್ಪೆಬಾಯಿ ಹಕ್ಕಿ ನಮ್ಮ ಗಣೇಶಗುಡಿಯ ಕಾಡಿನಲ್ಲಿಯೂ ಇದೆ. ಒಂದೇ ಮೊಟ್ಟೆ ಇಡುವ ಈ ಹಕ್ಕಿಯ ಸಂಸಾರದಲ್ಲಿ ಹಗಲು ಹೊತ್ತು ಕಾವು ಕೊಡುವ ಕೆಲಸ ಗಂಡಿನದು ಎಂಬುದನ್ನು ಸಭೆಯಲ್ಲಿರುವ ಗಂಡಸರ ಗಮನಕ್ಕೆ ತರುತ್ತೇನೆ. ಮಂಗಟ್ಟೆಗಳ ವಿಷಯಕ್ಕೆ ಬಂದರಂತೂ ನಾವೇ ಶ್ರೀಮಂತರು: ಇಡೀ ಶ್ರೀಲಂಕಾದಲ್ಲಿ ಇರುವುದು ಎರಡು ಬಗೆ, ದಾಂಡೇಲಿಯ ಸುತ್ತಮುತ್ತಲೇ ನಾಲ್ಕು ಬಗೆ. ಆದರೂ ನಾವು ರಾತ್ರಿಯಿಡೀ ಬಸ್ಸಿನಲ್ಲಿ ಬೆಂಗಳೂರಿಗೆ ಹೋಗಿ, ಅಲ್ಲಿಂದ ಒಂದೂವರೆ ಗಂಟೆಯ ವಿಮಾನ ಹತ್ತಿ ಕೊಲಂಬೊಗೆ ಹೋಗಿ, ಹಣ ಕೊಟ್ಟು ಹಕ್ಕಿ ನೋಡಿದೆವು. ಅದನ್ನು ತಪ್ಪೆಂದು ನಾನು ಹೇಳುತ್ತಿಲ್ಲ. ಅಲ್ಲಿಗೆ ಹೋಗದಿದ್ದರೆ ಇಲ್ಲಿ ಏನು ಕೊರತೆಯಿದೆ ಎಂಬುದು ನನಗೆ ತಿಳಿಯುತ್ತಿರಲಿಲ್ಲ.

ಸಿಂಹರಾಜ ಅರಣ್ಯದ ವಿಚಾರಕ್ಕೆ ಬರುತ್ತೇನೆ. ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಅದರ ಭಾಗ 9,000 ಹೆಕ್ಟೇರಿಗಿಂತ, ಅಂದರೆ 90 ಚದರ ಕಿಲೋಮೀಟರಿಗಿಂತ ಕಡಿಮೆ. ನಮ್ಮ ಜಿಲ್ಲೆಯ ವಿಸ್ತೀರ್ಣ ಹತ್ತು ಸಾವಿರ ಚದರ ಕಿಲೋಮೀಟರಿಗೂ ಹೆಚ್ಚು ಎಂಬುದನ್ನು ನೆನೆದರೆ ಅದು ಎಷ್ಟು ಸಣ್ಣ ಕಾಡು ಎಂಬುದು ಗೊತ್ತಾಗುತ್ತದೆ. ಅಲ್ಲಿ ಒಂದು ಗಂಟೆ ನಡೆದರೂ ಒಂದೂ ಹಕ್ಕಿ ಕಾಣದಿರಬಹುದು. ಆಮೇಲೆ ಇದ್ದಕ್ಕಿದ್ದಂತೆ ಎಲ್ಲವೂ ಒಟ್ಟಿಗೆ ಬರುತ್ತವೆ, ಮಾರಿಕಾಂಬಾ ಜಾತ್ರೆಯ ದಿನ ಬಿಡಕಿಬೈಲಿಗೆ ನಾನಾ ಊರಿನ ಜನ ಒಮ್ಮೆಗೇ ನುಗ್ಗಿದ ಹಾಗೆ. ಬೇರೆ ಬೇರೆ ಜಾತಿಯ ಹಕ್ಕಿಗಳು ಒಂದೇ ಹಿಂಡಾಗಿ ಮೇಯುವ ಈ ಪದ್ಧತಿಯನ್ನು ಸಿಂಹರಾಜದಲ್ಲಿ ಪ್ರೊಫೆಸರ್ ಸರತ್ ಕೊಟಗಮ ಮತ್ತು ಅವರ ಸಂಗಡಿಗರು 1981ರಿಂದ ಅಭ್ಯಾಸ ಮಾಡಿದ್ದಾರೆ. ಒಂದು ಹಿಂಡಿನಲ್ಲಿ ಸರಾಸರಿ ಹನ್ನೊಂದು ಹನ್ನೆರಡು ಪ್ರಭೇದಗಳ ನಲವತ್ತರಷ್ಟು ಹಕ್ಕಿಗಳಿರುತ್ತವೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳು ಗದ್ದಲ ಮಾಡುತ್ತ ಹಿಂಡನ್ನು ಕೂಡಿಸಿಕೊಂಡು ನಡೆಯುತ್ತವೆ. ಕಾಜಾಣವು ಮೇಲಿನ ಕೊಂಬೆಯಲ್ಲಿ ಕುಳಿತು ಕಾವಲು ಕಾಯುತ್ತ, ಉಳಿದವು ಎಬ್ಬಿಸಿದ ಹುಳುಗಳನ್ನು ಹಾರಿ ಹಿಡಿಯುತ್ತದೆ. ಆ ಕಾಜಾಣವು ಬೇರೆ ಹಕ್ಕಿಗಳ ದನಿಯನ್ನು ಅನುಕರಿಸಿ ಹಿಂಡನ್ನು ಕರೆದುಕೊಳ್ಳುತ್ತದೆ ಎಂಬುದನ್ನೂ ಅದೇ ಸಂಶೋಧಕರು ತೋರಿಸಿದ್ದಾರೆ. ಹಿಂಡಿನ ಮೇಲಂತಸ್ತಿನಲ್ಲಿ ಕೆಂಪು ಮುಖದ ಮಲ್ಕೋಹ, ನಡುವೆ ನೀಲಿ ಮ್ಯಾಗ್‌ಪೈ, ಕೆಳಗೆ ಪೊದೆಯಲ್ಲಿ ಬೂದುತಲೆಯ ಹರಟೆಮಲ್ಲ, ಹೀಗೆ ಆ ದ್ವೀಪದಲ್ಲಿ ಮಾತ್ರ ಇರುವ ಐದಾರು ಪ್ರಭೇದಗಳು ಒಂದೇ ಸಲ ಬಂದಾಗ ಯಾವುದನ್ನು ನೋಡಬೇಕೆಂದು ತಿಳಿಯದೆ ಹೊಸಬನು ಕಂಗಾಲಾಗುತ್ತಾನೆ.

ಅಂಥ ಹೊತ್ತಿನಲ್ಲಿ ನಮ್ಮ ಮಾರ್ಗದರ್ಶಿ ದುರ್ಬೀನನ್ನು ಕಣ್ಣಿಗೆ ಹಿಡಿಯುತ್ತಲೇ ಇರಲಿಲ್ಲ. ಅವನು ತಲೆ ತಗ್ಗಿಸಿ ನಿಂತು ಕೇಳುತ್ತಿದ್ದನು; ಹಿಂಡು ಯಾವ ತೊರೆಯನ್ನು ದಾಟಿ ಎಲ್ಲಿ ಮೇಲೇರುತ್ತದೆಂದು ಲೆಕ್ಕ ಹಾಕಿ ನಮ್ಮನ್ನು ಮೊದಲೇ ಅಲ್ಲಿಗೆ ಕರೆದೊಯ್ದು ನಿಲ್ಲಿಸುತ್ತಿದ್ದನು. ಸಿಂಹರಾಜದೊಳಗೆ ಪ್ರವಾಸಿಗಳು ಮಾರ್ಗದರ್ಶಿಯ ಜೊತೆಯಲ್ಲಿಯೇ ಹೋಗಬೇಕೆಂಬ ನಿಯಮವಿದೆ, ಮತ್ತು ಆ ಕೆಲಸ ಮಾಡುವವರಲ್ಲಿ ಬಹಳ ಜನ ಕಾಡಂಚಿನ ಹಳ್ಳಿಗಳವರು. ಕಿವಿಗೆ ಕೂಲಿ ಎಂದು ನಾನು ಹೇಳಿದ್ದು ಇದನ್ನೇ.

ಈಗ ಗೂಬೆಯ ಕಥೆ. ಇದನ್ನು ನನ್ನ ಬಾಯಿಂದ ಈಗಾಗಲೇ ಕೇಳಿದವರು ಸಭೆಯಲ್ಲಿದ್ದಾರೆ. ಅವರು ಬೇಕಾದರೆ ಒಂದು ಎಲೆಅಡಿಕೆಯ ಕವಳ ಹಾಕಿಕೊಂಡು ಬರಬಹುದು. 1995ರಲ್ಲಿ ದೀಪಾಲ್ ವರಕಾಗೊಡ ಎಂಬ ಪಕ್ಷಿತಜ್ಞರು ಕಿತುಲ್‌ಗಲದ ಕಾಡಿನಲ್ಲಿ ರಾತ್ರಿ ಒಂದು ಅಪರಿಚಿತ ಕೂಗನ್ನು ಕೇಳಿದರು. ಮೆತ್ತಗಿನ, ಸ್ವಲ್ಪ ನಡುಗುವ ಒಂದೇ ಸ್ವರದ ಕೂಗು. ಎಲ್ಲಿಂದ ಬರುತ್ತದೆಂದು ಪತ್ತೆಹಚ್ಚುವುದು ಕಷ್ಟ. ಅವರಿಗೆ ಆ ದ್ವೀಪದ ಎಲ್ಲ ಗೂಬೆಗಳ ದನಿಯೂ ಗೊತ್ತಿದ್ದುದರಿಂದಲೇ ಇದು ಗೊತ್ತಿಲ್ಲದ್ದು ಎಂಬುದು ಗೊತ್ತಾಯಿತು. ಆ ದನಿಯ ಒಡೆಯನನ್ನು ಅವರು ಕಣ್ಣಾರೆ ಕಂಡದ್ದು 2001ರ ಜನವರಿಯಲ್ಲಿ, ಸಿಂಹರಾಜದಲ್ಲಿ. 2004ರಲ್ಲಿ ಅದು ಹೊಸ ಪ್ರಭೇದವೆಂದು ಪ್ರಕಟವಾಯಿತು. ಸೆರೆಂಡಿಬ್ ಸ್ಕಾಪ್ಸ್ ಗೂಬೆ ಎಂದು ಹೆಸರಾಯಿತು. ಅಷ್ಟೊಂದು ಬ್ರಿಟಿಷ್ ಅಧಿಕಾರಿಗಳು ಬಂದೂಕು ಹಿಡಿದು ಹಕ್ಕಿ ಸಂಗ್ರಹಿಸಿದ್ದ ದ್ವೀಪದಲ್ಲಿ, ಶತಮಾನಕ್ಕೂ ಹೆಚ್ಚು ಕಾಲದ ನಂತರ ಒಂದು ಹೊಸ ಹಕ್ಕಿ ಸಿಕ್ಕಿದ್ದು ಒಬ್ಬನ ಕಿವಿಯಿಂದ.

ಆ ಗೂಬೆಯನ್ನು ನಾವು ಹಗಲಿನಲ್ಲಿ ನೋಡಿದೆವು. ಮಾರ್ಗದರ್ಶಿ ನಮ್ಮನ್ನು ಕಾಲುದಾರಿಯಲ್ಲಿ ನಿಲ್ಲಿಸಿ, ಮಾತಾಡಬಾರದೆಂದು ಸನ್ನೆ ಮಾಡಿ, ತಾನೊಬ್ಬನೇ ಇಳಿಜಾರಿನ ಪೊದೆಯೊಳಗೆ ನುಸುಳಿಹೋದನು. ಮಳೆ ಜಿನುಗುತ್ತಿತ್ತು, ರಕ್ತ ಹೀರುವ ಉಂಬಳಗಳು ನಾಲ್ಕೂ ದಿಕ್ಕಿನಿಂದ ಬಂದವು. ಪಟ್ಟಣದ ಕಡೆಯಿಂದ ಬಂದಿದ್ದ ಇನ್ನೊಂದು ತಂಡದವರು ಮೊಣಕಾಲಿನವರೆಗೆ ವಿಶೇಷ ಕಾಲುಚೀಲ ಧರಿಸಿ, ಅದರ ಮೇಲೆ ಯಾವುದೋ ವಿದೇಶಿ ದ್ರಾವಣ ಸಿಂಪಡಿಸಿಕೊಂಡು ನಿಂತಿದ್ದರು. ನಮ್ಮ ತಂಡದಲ್ಲಿದ್ದ ಹುಲೇಕಲ್ ಕಡೆಯ ಹಿರಿಯರು, ಅಡಿಕೆ ತೋಟದಲ್ಲಿಯೇ ಎಪ್ಪತ್ತು ದಾಟಿದವರು, ಸಾವಧಾನವಾಗಿ ಕವಳದ ಸಂಚಿ ಬಿಚ್ಚಿ, ಸುಣ್ಣ ಮತ್ತು ತಂಬಾಕನ್ನು ಅಂಗೈಯಲ್ಲಿ ತಿಕ್ಕಿ ಕಾಲಿಗೆ ಸವರಿಕೊಂಡರು. ಉಳಿದದ್ದನ್ನು ಬಾಯಿಗೆ ಹಾಕಿಕೊಂಡರು. ಸ್ವಲ್ಪ ಹೊತ್ತಿನಲ್ಲಿ ವಿದೇಶಿ ದ್ರಾವಣದ ತಂಡದವರೂ ಅವರ ಸಂಚಿಗೆ ಕೈ ಒಡ್ಡಿದರು.

ಮುಕ್ಕಾಲು ಗಂಟೆಯಾದ ಮೇಲೆ ಮಾರ್ಗದರ್ಶಿ ಕೆಸರು ಮೆತ್ತಿಕೊಂಡು ಹೊರಬಂದು, ಒಬ್ಬೊಬ್ಬರನ್ನಾಗಿ ಕರೆದೊಯ್ದನು. ಮಂಡಿಯೂರಿ, ಎಲೆಗಳ ನಡುವಿನ ಒಂದು ಕಿಂಡಿಯಲ್ಲಿ ಕಣ್ಣಿಡಬೇಕು. ಸುಮಾರು ಹದಿನಾರು ಸೆಂಟಿಮೀಟರಿನ, ಒಣಗಿದ ಎಲೆಗಳ ನಡುವೆ ಬೇರೆಯೆಂದು ಗುರುತೇ ಸಿಗದ ಕೆಂಗಂದು ಬಣ್ಣದ ಗೂಬೆ ಅಲ್ಲಿ ಕಣ್ಣು ಮುಚ್ಚಿ ಕುಳಿತಿತ್ತು. ನಮ್ಮ ಹಿರಿಯರು ನೋಡಿ ಹಿಂದಕ್ಕೆ ಬಂದು, “ತಮ್ಮಾ, ಇದಕ್ಕೆ ತಲೆ ಮೇಲೆ ಕೊಂಬೇ ಇಲ್ಲವಲ್ಲ?” ಎಂದರು. ನಾನು ಅದನ್ನು ಇಂಗ್ಲಿಷಿನಲ್ಲಿ ಮಾರ್ಗದರ್ಶಿಗೆ ಹೇಳಿದೆ. ಅವನ ಮುಖ ಅರಳಿತು. ಈ ಜಾತಿಯ ಗೂಬೆಗಳಿಗೆ ಸಾಮಾನ್ಯವಾಗಿ ಇರುವ ಕಿವಿಗರಿಗಳು ಇದಕ್ಕೆ ಇಲ್ಲದಿರುವುದೇ ಇದರ ಮುಖ್ಯ ಲಕ್ಷಣ, ಎಷ್ಟೋ ಜನ ಫೋಟೊ ತೆಗೆದುಕೊಂಡು ಹೋಗುತ್ತಾರೆ, ಇದನ್ನು ಗಮನಿಸಿ ಕೇಳುವವರು ಕಡಿಮೆ ಎಂದನು. ಅಂದಿನಿಂದ ಅವನು ಹಿರಿಯರನ್ನು ‘ಮಹತ್ತಯಾ’ (ಸಿಂಹಳದಲ್ಲಿ ಯಜಮಾನರೇ) ಎಂದೇ ಕರೆದನು, ವ್ಯಾನಿನಲ್ಲಿ ಅವರಿಗೆ ಮುಂದಿನ ಸೀಟು ಕೊಟ್ಟನು.

ಆ ಇನ್ನೊಂದು ತಂಡದ ಒಬ್ಬ ಮಹನೀಯರು ದೊಡ್ಡ ಕ್ಯಾಮೆರಾ ಹಿಡಿದು, ಅಡ್ಡ ಬಂದ ಒಂದು ಕೊಂಬೆಯನ್ನು ಸ್ವಲ್ಪ ಮುರಿದರೆ ಚಿತ್ರ ಚೆನ್ನಾಗಿ ಬರುತ್ತದೆ, ಅದಕ್ಕೆ ಪ್ರತ್ಯೇಕ ಹಣ ಕೊಡುತ್ತೇನೆ ಎಂದರು. ಮಾರ್ಗದರ್ಶಿ ಒಪ್ಪಲಿಲ್ಲ. ಕೊಂಬೆ ಮುರಿದರೆ ನಾಳೆ ಗೂಬೆ ಅಲ್ಲಿ ಕೂರುವುದಿಲ್ಲ, ಗೂಬೆ ಕೂರದಿದ್ದರೆ ನಾಳೆ ನನಗೆ ಕೆಲಸವಿಲ್ಲ ಎಂದು ಉತ್ತರ ಕೊಟ್ಟನು. ಸಂರಕ್ಷಣೆಯ ಬಗ್ಗೆ ನಾನು ಕೇಳಿದ ಎಷ್ಟೋ ಭಾಷಣಗಳಿಗಿಂತ, ಈ ಭಾಷಣವನ್ನೂ ಸೇರಿಸಿ ಹೇಳುತ್ತೇನೆ, ಆ ಮಾತಿನಲ್ಲಿ ಹೆಚ್ಚು ಹುರುಳಿತ್ತು.

ಆ ಗೂಬೆಯ ವೈಜ್ಞಾನಿಕ ಹೆಸರಿನಲ್ಲಿ ಥಿಲೋ ಹಾಫ್‌ಮನ್ ಎಂಬವರ ಹೆಸರಿದೆ. ಸ್ವಿಟ್ಜರ್ಲೆಂಡಿನಿಂದ ಬಂದು ಶ್ರೀಲಂಕಾದಲ್ಲಿ ನೆಲೆಸಿದ್ದ ಅವರು 1970ರ ದಶಕದಲ್ಲಿ ಸಿಂಹರಾಜದ ಮರಗಳನ್ನು ಪ್ಲೈವುಡ್ಡಿಗಾಗಿ ಯಂತ್ರ ಹಾಕಿ ಕಡಿಯುತ್ತಿದ್ದುದರ ವಿರುದ್ಧ ಹೋರಾಡಿದವರಲ್ಲಿ ಮುಂಚೂಣಿಯಲ್ಲಿದ್ದರು. ಕಡಿತ ನಿಂತಿತು, 1978ರಲ್ಲಿ ಸಿಂಹರಾಜ ಯುನೆಸ್ಕೊದ ಜೀವಗೋಳ ಮೀಸಲು ಪ್ರದೇಶವಾಯಿತು, 1988ರಲ್ಲಿ ವಿಶ್ವ ಪರಂಪರೆಯ ತಾಣವಾಯಿತು. ಪ್ಲೈವುಡ್ ಎಂದ ಕೂಡಲೇ ಶಿರಸಿಯವರಿಗೆ ಮುಂದಿನದನ್ನು ಹೇಳಬೇಕಾಗಿಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರಗಳನ್ನು ಕಡಿಯಗೊಡದೆ ಅಪ್ಪಿ ನಿಂತದ್ದು, ಪಾಂಡುರಂಗ ಹೆಗಡೆಯವರು ಆ ಅಪ್ಪಿಕೋ ಚಳವಳಿಯನ್ನು ಊರೂರಿಗೆ ಕೊಂಡೊಯ್ದದ್ದು ನಿಮ್ಮಲ್ಲಿ ಹಲವರು ಕಂಡ ಸಂಗತಿ, ಕೆಲವರು ಅಪ್ಪಿದವರೂ ಇರಬಹುದು. ಎರಡೂ ಕಡೆ ಮರ ಉಳಿಯಿತು. ಅಲ್ಲಿ ಉಳಿದ ಕಾಡಿನಿಂದ ಕಾಡಂಚಿನ ಯುವಕನಿಗೆ ತಿಂಗಳ ಸಂಪಾದನೆ ಹುಟ್ಟಿತು. ನಮ್ಮಲ್ಲಿ ಮರ ಅಪ್ಪಿದವರ ಮೊಮ್ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು. ನನ್ನ ತಕರಾರಿನ ಬೇರು ಇರುವುದು ಇಲ್ಲಿ.

ನಮ್ಮಲ್ಲಿಗೂ ಹಕ್ಕಿ ನೋಡುವ ಪ್ರವಾಸಿಗಳು ಬರುತ್ತಾರೆ, ಸಾಕಷ್ಟು ಖರ್ಚನ್ನೂ ಮಾಡುತ್ತಾರೆ. ಆದರೆ ಬಹಳ ಸಲ ಅವರ ಜೊತೆಗೆ ತಜ್ಞರು ನಗರದಿಂದಲೇ ಬರುತ್ತಾರೆ. ಊರಿನ ಹುಡುಗ ಟ್ರೈಪಾಡ್ ಹೊರುತ್ತಾನೆ. ಮಂಗಟ್ಟೆಯ ಗೂಡು ಯಾವ ಮರದ ಪೊಟರೆಯಲ್ಲಿದೆ, ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಂಡದ್ದು ಯಾವ ವಾರ ಎಂಬುದನ್ನು ಹೇಳಿದವನು ಅವನೇ, ಸೊಪ್ಪಿನ ಬೆಟ್ಟಕ್ಕೆ ಹೋದಾಗ ನೋಡಿಟ್ಟುಕೊಂಡವನು ಅವನೇ. ಸಂಜೆ ಅವನಿಗೆ ಸಿಗುವುದು ಹೊರೆ ಹೊತ್ತ ಕೂಲಿ ಮಾತ್ರ.

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ, ಹತ್ತು ನಿಮಿಷ ಎಂದು ಬರೆದದ್ದನ್ನು ಹೊಡೆದು ಐದು ಎಂದು ತಿದ್ದಿದ್ದಾರೆ. ಆದ್ದರಿಂದ ಎತ್ತರದ ಹಾರ್ಟನ್ ಪ್ಲೇನ್ಸಿನ ವಿಚಾರ ಎರಡೇ ಮಾತಿನಲ್ಲಿ. ಅಲ್ಲಿ ಬೆಳಕು ಹರಿಯುವ ಮೊದಲೇ ಒಂದು ಕೊಳದ ಬಳಿ ಲಂಕೆಯ ಸಿಳ್ಳಾರ ಹಕ್ಕಿಗಾಗಿ ಕಾದೆವು. ಜಲಪಾತದ ಸದ್ದನ್ನೂ ಮೀರಿ ಹಾಡುವ ನಮ್ಮ ಸಿಳ್ಳಾರನಂತಲ್ಲದೆ ಅದರದು ತೀರ ಸಣ್ಣ, ತೀಕ್ಷ್ಣ ದನಿ. ನನ್ನ ವಯಸ್ಸಿನವರ ಕಿವಿಗೆ ಅದು ಬೀಳುವುದೇ ಇಲ್ಲ. ಮಾರ್ಗದರ್ಶಿ “ಈಗ ಕೂಗಿತು, ಈಗ ಕೂಗಿತು” ಎನ್ನುತ್ತಿದ್ದನು, ನಾವು ನಂಬಿದೆವು. ನುವಾರ ಎಲಿಯಾ ಪಟ್ಟಣದ ವಿಕ್ಟೋರಿಯಾ ಪಾರ್ಕಿನಲ್ಲಿ ಕೊಳಕು ನೀರಿನ ಕಾಲುವೆಯೊಂದರ ಅಂಚಿಗೆ ದೇಶವಿದೇಶದ ಪಕ್ಷಿವೀಕ್ಷಕರು ಸಾಲಾಗಿ ನಿಂತಿರುತ್ತಾರೆ, ಏಕೆಂದರೆ ಚಳಿಗಾಲದಲ್ಲಿ ನವರಂಗ ಹಕ್ಕಿಯೂ ಕಾಶ್ಮೀರದ ನೊಣಹಿಡುಕವೂ ಅಲ್ಲಿಗೆ ಬರುತ್ತವೆ. ಮಕ್ಕಳೊಂದಿಗೆ ಬಂದ ಸ್ಥಳೀಯರು ಹಕ್ಕಿಯನ್ನು ಬಿಟ್ಟು ನಮ್ಮನ್ನೇ ನೋಡುತ್ತಿದ್ದರು.

ನೇತ್ರಾಣಿಯ ಕಡಲಹದ್ದುಗಳ ಬಗ್ಗೆ, 2024ರಲ್ಲಿ ಜಗತ್ತಿನ ಮುಖ್ಯ ಜೌಗುಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿ ಅಳಿವೆಯ ಬಗ್ಗೆ ಟಿಪ್ಪಣಿ ತಂದಿದ್ದೆ. ಅವು ಚೀಲದಲ್ಲಿಯೇ ಇರಲಿ, ಕುಮಟಾದವರು ಕರೆದರೆ ಅಲ್ಲಿ ಬಂದು ಹೇಳುತ್ತೇನೆ. ಶ್ರೀಲಂಕಾಕ್ಕೆ ಹೋಗಬೇಕೆನ್ನುವವರು ಜನವರಿಯಿಂದ ಮಾರ್ಚಿನೊಳಗೆ ಹೋಗಿ, ನೈಋತ್ಯ ಭಾಗದಲ್ಲಿ ಆಗ ಮಳೆ ಕಡಿಮೆ. ಸುಣ್ಣ ತಂಬಾಕು ಇಲ್ಲಿಂದಲೇ ಒಯ್ಯಬೇಕೋ ಎಂದು ಹೋದಲ್ಲೆಲ್ಲ ಕೇಳುತ್ತಾರೆ. ಬೇಡ, ಅಲ್ಲಿಯೂ ಕವಳ ಹಾಕುವವರಿದ್ದಾರೆ.

ಕೊನೆಯದಾಗಿ ಒಂದು ಪ್ರಕಟಣೆ. ಬರುವ ಭಾನುವಾರ ಬೆಳಿಗ್ಗೆ ಆರೂವರೆಗೆ ಸೋಂದಾದ ಮುಂಡಿಗೆಕೆರೆಯಲ್ಲಿ ಸೇರೋಣ. ಮಳೆಗಾಲದಲ್ಲಿ ಅಲ್ಲಿ ಮುಂಡಿಗೆ ಗಿಡಗಳ ಮೇಲೆ ಬೆಳ್ಳಕ್ಕಿಗಳು ಗೂಡು ಕಟ್ಟುವುದನ್ನು ದಿನವೂ ನೋಡುವ ಹುಡುಗನೊಬ್ಬ ನಮ್ಮನ್ನು ಕರೆದುಕೊಂಡು ಹೋಗಿ ತೋರಿಸುತ್ತಾನೆ. ನಾನು ಅಂದು ಬಾಯಿ ತೆರೆಯುವುದಿಲ್ಲ. ತಲೆಗೆ ನೂರು ರೂಪಾಯಿ ಶುಲ್ಕ, ಅಷ್ಟೂ ಅವನಿಗೆ. ಕಾಲೇಜಿನ ವಿದ್ಯಾರ್ಥಿಗಳಿಗೆ ಐವತ್ತು. ಐನೂರರ ನೋಟು ತಂದು ಚಿಲ್ಲರೆ ಕೇಳಬೇಡಿ, ಅಷ್ಟು ಬೆಳಿಗ್ಗೆ ಅಲ್ಲಿ ಯಾವ ಅಂಗಡಿಯೂ ತೆರೆದಿರುವುದಿಲ್ಲ.