ಅಹಿಲ್ಯಾಬಾಯಿಯ ಎರಡು ಖಜಾನೆ

ಎಲ್ಲರಿಗೂ ಶರಣು ಶರಣಾರ್ಥಿ.

ಇವತ್ತು ಮೇ 31, ಅಹಿಲ್ಯಾಬಾಯಿಯ ಜಯಂತಿ. ಈ ಉರಿಬಿಸಿಲಲ್ಲಿ ಅಕ್ಕಲಕೋಟ ತಾಲೂಕಿನ ಮೂಲೆ ಮೂಲೆಯಿಂದ ಬಂದು ಕೂತಿದ್ದೀರಿ. ತಾಯಂದಿರೇ ಜಾಸ್ತಿ ಇದ್ದೀರಿ, ಸಂತೋಷ. ಊಟ ತಣ್ಣಗಾಗುವ ಮೊದಲು ಮುಗಿಸಿ ಅಂತ ಅಧ್ಯಕ್ಷರು ಆಗಲೇ ಹೇಳಿದ್ದಾರೆ.

ಅಹಿಲ್ಯಾಬಾಯಿ ಹೋಳ್ಕರ ಹೆಸರು ಕೇಳದವರು ನಮ್ಮ ಕಡೆ ಯಾರೂ ಇಲ್ಲ. ಸೊಲ್ಲಾಪುರ ವಿಶ್ವವಿದ್ಯಾಲಯಕ್ಕೆ 2019ರಲ್ಲಿ ಆಕೆಯ ಹೆಸರಿಟ್ಟರು. ಇಲ್ಲಿ ಕನ್ನಡ ಶಾಲೆಯಲ್ಲಿ ಅಕ್ಷರ ತಿದ್ದಿದ ನಮ್ಮ ಮಕ್ಕಳು ಮುಂದೆ ಅಲ್ಲಿ ಡಿಗ್ರಿ ಮುಗಿಸಿದರೆ ಸರ್ಟಿಫಿಕೇಟಿನ ಮೇಲೆ ಅದೇ ಹೆಸರು. ಕುರುಬರ ಮನೆಗೆ ಹೋದರೆ ಬೀರಪ್ಪನ ಪಕ್ಕ ಆಕೆಯ ಫೋಟೋ. ಅಂಗೈ ಮೇಲೆ ಲಿಂಗ ಹಿಡಿದ ಆ ಚಿತ್ರ ನೋಡಿದರೆ ನಮ್ಮ ಲಿಂಗಾಯತ ಅಜ್ಜಿಯರಿಗೂ ಈಕೆ ನಮ್ಮವಳೇ ಅನಿಸುತ್ತದೆ. ಮರಾಠಿಗರಿಗೆ ಚೌಂಡಿಯ ಮಗಳು. ಆಕೆ ಆಳಿದ ಮಾಳವದವರಿಗೆ ರಾಜಧಾನಿ ಮಹೇಶ್ವರದ ತಾಯಿ. ಕರ್ನಾಟಕ-ಮಹಾರಾಷ್ಟ್ರ ಗಡಿಯಲ್ಲಿರುವ ನಮ್ಮನ್ನು "ನೀವು ಯಾವ ಕಡೆಯವರು?" ಅಂತ ಕೇಳುತ್ತಲೇ ಇರುತ್ತಾರೆ. ಆಕೆಯನ್ನು ಮಾತ್ರ ಎಲ್ಲ ಕಡೆಯವರೂ ನಮ್ಮಾಕೆ ಅನ್ನುತ್ತಾರೆ. ಇದು ಸುಮ್ನೆ ಬಂದದ್ದಲ್ಲ.

ಆಕೆಯ ಜೀವನ ನಿಮಗೆ ಗೊತ್ತಿದ್ದದ್ದೇ, ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1725ರಲ್ಲಿ, ಜಾಮಖೇಡ ಬಳಿಯ ಚೌಂಡಿಯಲ್ಲಿ. ತಂದೆ ಮಾಣಕೋಜಿ ಶಿಂದೆ, ಊರಿನ ಪಾಟೀಲ. ಮಾಳವದ ಮರಾಠಾ ಸರದಾರ ಮಲ್ಹಾರರಾವ್ ಹೋಳ್ಕರ್ ಆಕೆಯನ್ನು ತನ್ನ ಮಗ ಖಂಡೇರಾವ್‌ಗೆ ತಂದುಕೊಂಡ. 1754ರಲ್ಲಿ ಕುಮ್ಹೇರ ಕೋಟೆಯ ಮುತ್ತಿಗೆಯಲ್ಲಿ ಗಂಡ ತೋಪಿನ ಗುಂಡಿಗೆ ಸತ್ತ. ಆಕೆಗೆ ಇನ್ನೂ 30 ತುಂಬಿರಲಿಲ್ಲ. 1766ರಲ್ಲಿ ಮಾವ ಹೋದ, ಮರುವರ್ಷ ಮಗ ಮಾಲೇರಾವ್ ಹೋದ. ದಿವಾನ ಗಂಗಾಧರ ಯಶವಂತ ಯಾವುದಾದರೂ ಒಂದು ಕೂಸನ್ನು ಗಾದಿಗೆ ತಂದು ತಾನೇ ಆಡಳಿತ ನಡೆಸುವ ಲೆಕ್ಕ ಹಾಕಿದ್ದ. ಪೇಶ್ವೆ ಮನೆತನದ ರಘುನಾಥರಾವ್ ಅವನ ಬೆನ್ನಿಗಿದ್ದ. ಆಕೆ ಬಗ್ಗಲಿಲ್ಲ. ಪೇಶ್ವೆ ಮಾಧವರಾವ್ ಆಕೆಯ ಪರ ನಿಂತ. ದಂಡನ್ನು ತುಕೋಜಿ ಹೋಳ್ಕರನ ಕೈಗೆ ಕೊಟ್ಟಳು, ರಾಜ್ಯ ತಾನು ನೋಡಿಕೊಂಡಳು. 28 ವರ್ಷ.

ಇನ್ನು ಗುಡಿಗಳು. ಭಾಷಣಕ್ಕೆ ನಿಂತವರೆಲ್ಲ ಆ ಪಟ್ಟಿ ಒಪ್ಪಿಸುತ್ತಾರೆ. ಕಾಶಿ ವಿಶ್ವನಾಥ 1780ರಲ್ಲಿ. ಶಿಖರದ ಚಿನ್ನ ಆಮೇಲೆ ರಣಜಿತ್ ಸಿಂಗ್ ಕೊಟ್ಟದ್ದು, ಅದರ ಕೆಳಗಿನ ಕಲ್ಲುಕಟ್ಟಡ ಈಕೆಯದು. ಗಯಾದ ವಿಷ್ಣುಪಾದ, ಸೋಮನಾಥ, ನಮ್ಮ ವೇರುಳದ, ಅಂದರೆ ಎಲ್ಲೋರಾದ, ಘೃಷ್ಣೇಶ್ವರ. ದೂರದ ಕೇದಾರದಲ್ಲಿ ಯಾತ್ರಿಕರಿಗೆ ಧರ್ಮಶಾಲೆ. ಇದರಲ್ಲಿ ಬಹುಪಾಲು ಊರುಗಳು ಆಕೆಯ ರಾಜ್ಯದಲ್ಲಿ ಇರಲೇ ಇಲ್ಲ. ಅಲ್ಲಿಯ ಜನ ಆಕೆಗೆ ಒಂದು ದುಡ್ಡು ಕಂದಾಯ ಕೊಟ್ಟವರಲ್ಲ. ಹಾಗಾದರೆ ಮಾಳವದ ರೈತ ಬೆವರು ಸುರಿಸಿ ಕಟ್ಟಿದ ಹಣವನ್ನು ಒಯ್ದು ಕಾಶಿಯಲ್ಲಿ ಸುರಿಯೋದು ಯಾವ ನ್ಯಾಯ ಅಂತ ಯಾರಾದರೂ ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಇದು.

ಅದಕ್ಕೆ ಉತ್ತರ ಹೋಳ್ಕರರ ಲೆಕ್ಕಪತ್ರದಲ್ಲಿದೆ. ಅವರಲ್ಲಿ ಎರಡು ಖಜಾನೆ ಇದ್ದವು. ಒಂದು ದೌಲತ್, ಅಂದರೆ ಸರಕಾರದ್ದು. ದಂಡು, ನೌಕರರ ಪಗಾರ, ಕೋಟೆಕೊತ್ತಲ ಎಲ್ಲ ಅದರಿಂದ. ಇನ್ನೊಂದು ಖಾಸಗಿ. ಮನೆತನದ ಹೆಂಗಸರ ಖರ್ಚಿಗೆ ಬೇರೆ ತೆಗೆದಿಟ್ಟ ಹಳ್ಳಿಗಳ ಉತ್ಪನ್ನ ಅದು. ದಾನಧರ್ಮ, ಗುಡಿಗುಂಡಾರವೆಲ್ಲ ಈ ಖಾಸಗಿಯಿಂದ. ಒಂದರ ಹಣ ಇನ್ನೊಂದರಲ್ಲಿ ಬೆರೆಯದ ಹಾಗೆ ಆಕೆ ನೋಡಿಕೊಂಡಳು. ಖಾಸಗಿಯದ್ದೂ ಕೊನೆಗೆ ರೈತನ ದುಡ್ಡೇ, ಆ ಹಳ್ಳಿಗಳವರೂ ಉಳುವವರೇ ಅಂತ ನೀವು ಅಂದರೆ ನಾನು ಇಲ್ಲ ಅನ್ನುವುದಿಲ್ಲ. ಆದರೆ ತನ್ನ ಸೀರೆಗೆ, ಒಡವೆಗೆ, ಮೆರವಣಿಗೆಗೆ ಖರ್ಚು ಮಾಡಬಹುದಾಗಿದ್ದ ಹಣ ಅದು. ಯಾರೂ ತಡೆಯುತ್ತಿರಲಿಲ್ಲ. ಆಕೆ ಬಿಳಿ ಸೀರೆ ಉಟ್ಟು ಅದನ್ನು ಮೆಟ್ಟಿಲು, ಬಾವಿ, ಛತ್ರ ಮಾಡಿದಳು.

ರಘುನಾಥರಾವ್ ಆ ಗಂಟಿನ ಮೇಲೆ ಕಣ್ಣು ಹಾಕಿದಾಗ ಆಕೆ ಕೊಟ್ಟ ಉತ್ತರ ಮಾಳವದಲ್ಲಿ ಕಥೆಯಾಗಿದೆ. "ತುಳಸಿ ಹಾಕಿ ನೀರು ಬಿಟ್ಟು ದಾನಕ್ಕೆ ತೆಗೆದಿಟ್ಟ ಹಣ ಇದು. ನೀವು ಬ್ರಾಹ್ಮಣರು, ದಾನವಾಗಿ ತಗೊಳ್ಳೋದಾದರೆ ಬಂದು ಕೈ ಒಡ್ಡಿ." ಪೇಶ್ವೆ ಮನೆಯವನಿಗೆ ಈ ಮಾತು! ನಡೆದದ್ದು ಹೀಗೆಯೇ ಇರಲಿ, ಇಲ್ಲದಿರಲಿ, ಜನ ಆಕೆಯನ್ನು ಹೇಗೆ ನೆನಪಿಟ್ಟರು ಅನ್ನುವುದಂತೂ ಇದರಲ್ಲಿ ಗೊತ್ತಾಗುತ್ತದೆ, ಅಲ್ವಾ?

ಆಕೆ ತೀರಿ ಇಪ್ಪತ್ತು ಚಿಲ್ಲರೆ ವರ್ಷಕ್ಕೆ ಜಾನ್ ಮಾಲ್ಕಮ್ ಅನ್ನುವ ಬ್ರಿಟಿಷ್ ಅಧಿಕಾರಿ ಮಾಳವಕ್ಕೆ ಬಂದ. ಆಕೆಯನ್ನು ಕಣ್ಣಾರೆ ಕಂಡವರನ್ನು ಹುಡುಕಿ ಕೇಳಿ ಬರೆದಿಟ್ಟ. ಹೊತ್ತು ಮೂಡುವ ಮೊದಲೇ ಏಳುವುದು, ಪೂಜೆ, ಪುರಾಣ ಕೇಳುವುದು, ದಾನ, ಊಟ. ಮಧ್ಯಾಹ್ನ ಎರಡರ ಸುಮಾರಿಗೆ ದರಬಾರು, ಸಂಜೆ ಆರರವರೆಗೆ. ಪರದೆ ಇಲ್ಲ, ಎದುರಿಗೇ ಕೂತು ಫಿರ್ಯಾದು ಕೇಳುವುದು. ಮತ್ತೆ ಪೂಜೆ, ಸ್ವಲ್ಪ ಊಟ. ರಾತ್ರಿ ಒಂಬತ್ತಕ್ಕೆ ಪುನಃ ಕಚೇರಿ ಕೆಲಸ, ಹನ್ನೊಂದರ ತನಕ. ಆಜ್ಞೆಯ ಮೇಲೆ "ಶ್ರೀ ಶಂಕರ". ರಾಜ್ಯ ಶಿವನದು, ತಾನು ಅವನ ಕಾರಕೂನಳು ಅನ್ನುವ ಭಾವ. ಪೂಜೆ ಇದೆ ಅಂತ ಕಚೇರಿ ತಪ್ಪಿಸುವವರನ್ನೂ ನೋಡಿದ್ದೇವೆ, ಕಚೇರಿ ಇದೆ ಅಂತ ಪೂಜೆ ತಪ್ಪಿಸುವವರನ್ನೂ ನೋಡಿದ್ದೇವೆ. ಈಕೆಗೆ ಎರಡಕ್ಕೂ ಹೊತ್ತು ಸಿಕ್ಕಿತು.

ಮಾಲ್ಕಮ್ ಬರೆದ ಇನ್ನೊಂದು ಸಂಗತಿ ಇಲ್ಲಿರುವ ತಾಯಂದಿರಿಗೆ ಹೇಳಬೇಕು. ಖರ್ಗೋಣದಲ್ಲಿ ಅಣ್ಣತಮ್ಮ ಇಬ್ಬರು ಸಾಹುಕಾರರು ಮಕ್ಕಳಿಲ್ಲದೆ ಸತ್ತರು. ಇಂಥವರ ಆಸ್ತಿ ಸರಕಾರಕ್ಕೆ ಹೋಗುವುದು ಆಗಿನ ರೂಢಿ. ಇಬ್ಬರು ವಿಧವೆಯರು ಮಹೇಶ್ವರಕ್ಕೆ ಬಂದು ಎಲ್ಲವನ್ನೂ ಒಪ್ಪಿಸಲು ನಿಂತರು. ಅಹಿಲ್ಯಾಬಾಯಿ ಮುಟ್ಟಲಿಲ್ಲ. ನಿಮ್ಮದು ನಿಮಗೇ ಇರಲಿ, ಬೇಕಿದ್ದರೆ ನಾಲ್ಕು ಜನಕ್ಕೆ ಉಪಯೋಗ ಆಗುವ ಕೆಲಸ ಮಾಡಿಸಿ ಅಂತ ವಾಪಸ್ ಕಳಿಸಿದಳು. ಅವರು ಊರಲ್ಲಿ ಗುಡಿ ಕಟ್ಟಿಸಿದರು, ನದಿಗೆ ಮೆಟ್ಟಿಲು ಕಟ್ಟಿಸಿದರು. ಖಜಾನೆಗೆ ತಾನಾಗಿ ನಡೆದು ಬಂದ ಹಣವನ್ನು ಬೇಡ ಅನ್ನುವ ಸರಕಾರ ಎಲ್ಲಿದೆ ಹೇಳಿ!

ಇಷ್ಟು ಗಟ್ಟಿ ಹೆಣ್ಣು ಮನೆಯಲ್ಲಿ ಮಾತ್ರ ಒಂದೊಂದನ್ನೇ ಕಳೆದುಕೊಂಡಳು. ಗಂಡ ಸತ್ತಾಗ ಆಕೆಯೂ ಚಿತೆ ಏರಲು ಹೊರಟಿದ್ದಳು. ಮಾವ ಕೈಮುಗಿದು, ನೀನೇ ನನ್ನ ಮಗ ಅಂತ ತಡೆದ. ಆಕೆ ಉಳಿದಳು. ಹೀಗೆ ಉಳಿದದ್ದಕ್ಕೇ ಇಷ್ಟೆಲ್ಲ ಆಯಿತು. 1791ರಲ್ಲಿ ಅಳಿಯ ಯಶವಂತರಾವ್ ಫಣಸೆ ಸತ್ತ. ಒಬ್ಬನೇ ಮೊಮ್ಮಗ ಅದಕ್ಕೂ ಮೊದಲೇ ಹೋಗಿದ್ದ. ಮಗಳು ಮುಕ್ತಾಬಾಯಿ ಸತಿ ಹೋಗುತ್ತೇನೆ ಅಂದಳು. ಮುದುಕಿ ತಾಯಿ ನೆಲಕ್ಕೆ ಬಿದ್ದು ಬೇಡಿಕೊಂಡಳು. ನನಗೆ ಇನ್ಯಾರಿದ್ದಾರೆ ಅಂದಳು. ಮಗಳು ಕೇಳಲಿಲ್ಲ. ಕೊನೆಗೆ ತಾಯಿ ಮೆರವಣಿಗೆಯ ಜೊತೆ ನಡೆದು ಚಿತೆಯ ಹತ್ತಿರ ನಿಂತಳು. ಇಬ್ಬರು ಬ್ರಾಹ್ಮಣರು ಆಕೆಯ ತೋಳು ಹಿಡಿದಿದ್ದರು. ಬೆಂಕಿ ಎದ್ದಾಗ ಆಕೆ ಚೀರಿದಳು, ಬಿಡಿಸಿಕೊಳ್ಳಲಾಗದೆ ಕೈಯನ್ನೇ ಕಚ್ಚಿದಳು ಅಂತ ಮಾಲ್ಕಮ್ ಬರೆದಿದ್ದಾನೆ. ಆಮೇಲೆ ಮೂರು ದಿನ ಊಟವಿಲ್ಲ, ಮಾತಿಲ್ಲ.

ಸಾವಿರ ಜನರ ಫಿರ್ಯಾದು ತೀರಿಸಿದ ರಾಣಿಗೆ ಆ ಪದ್ಧತಿಯನ್ನು ಒಂದು ಹುಕುಂ ಬರೆದು ನಿಲ್ಲಿಸಲು ಆಗಲಿಲ್ಲ. ನಾವು ಇದನ್ನೂ ಹೇಳಬೇಕು. ಮಗಳ ತ್ಯಾಗ ಅಂತ ಹೂವು ಹಾಕಿ ಮುಚ್ಚಬಾರದು. ಹೆತ್ತ ತಾಯಿಗೆ ಅದು ತ್ಯಾಗವಾಗಿ ಕಾಣಲಿಲ್ಲ, ಆಕೆ ಕಚ್ಚಿದ ಕೈಯೇ ಸಾಕ್ಷಿ.

ಹೊಗಳಿಕೆಯ ವಿಷಯ ಬಂತು ಅಂತ ಇನ್ನೊಂದು ಮಾತು. ಒಬ್ಬ ಬ್ರಾಹ್ಮಣ ಆಕೆಯನ್ನು ಹೊಗಳಿ ಒಂದು ಗ್ರಂಥ ಬರೆದು ತಂದ. ಆಕೆ ಪೂರ್ತಿ ಕೂತು ಕೇಳಿದಳು. ನಾನು ಬಡ ಪಾಪಿ ಹೆಂಗಸು, ಇಷ್ಟಕ್ಕೆಲ್ಲ ಯೋಗ್ಯಳಲ್ಲ ಅಂದು ಆ ಪುಸ್ತಕವನ್ನು ನರ್ಮದೆಗೆ ಎಸೆಯಲು ಹೇಳಿದಳು. ಈ ವೇದಿಕೆ ಮೇಲೆ ಇರುವ ಸನ್ಮಾನಪತ್ರಗಳನ್ನು ನೋಡುತ್ತಿದ್ದೇನೆ, ನಮ್ಮಲ್ಲಿ ಬೋರಿ ಹೊಳೆ ಇದೆ, ಆದರೆ ಮೇ ತಿಂಗಳಲ್ಲಿ ನೀರು ಸಾಲದು.

1795ರ ಆಗಸ್ಟ್ 13ರಂದು ಆಕೆ ತೀರಿಕೊಂಡಳು. ಎರಡು ವರ್ಷಕ್ಕೆ ತುಕೋಜಿಯೂ ಹೋದ. ಅವನ ಮಕ್ಕಳು ಗಾದಿಗಾಗಿ ಹೊಡೆದಾಡಿದರು, ದೌಲತ್ತಿನ ಖಜಾನೆ ಬರಿದಾಯಿತು. ಖಾಸಗಿಯಿಂದ ಕಟ್ಟಿದ್ದು ಮಾತ್ರ ನಿಂತಿದೆ. ಹೆಚ್ಚು ದೂರ ಹೋಗಬೇಕಿಲ್ಲ. ನಮ್ಮ ಜಿಲ್ಲೆಯ ಪಂಢರಪುರದಲ್ಲೇ, ಚಂದ್ರಭಾಗೆಯ ದಂಡೆಗೆ ಆಕೆಯ ಹೋಳ್ಕರ್ ವಾಡೆ ಇದೆ, ಒಳಗೆ ರಾಮನ ಗುಡಿ. ಆಷಾಢಕ್ಕೆ ದಿಂಡಿ ಕಟ್ಟಿಕೊಂಡು ಹೋಗುವವರು ಇಲ್ಲಿ ತುಂಬ ಜನ ಇದ್ದೀರಿ. ವಿಠ್ಠಲನ ದರ್ಶನ ಆದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಅಲ್ಲಿಗೂ ಹೋಗಿ ಬನ್ನಿ.

ಅಡುಗೆ ಮನೆಯಿಂದ ಹುಗ್ಗಿಯ ವಾಸನೆ ಬರುತ್ತಿದೆ. ಯಾರದ್ದಾದರೂ ಪ್ರಶ್ನೆ ಇದ್ದರೆ ಎದ್ದು ಕೇಳಿ, ಇಲ್ಲವಾದರೆ ಪಂಕ್ತಿಯಲ್ಲಿ ಕೂತು ಮಾತಾಡೋಣ. ಶರಣು.