ಐ ಆ್ಯಮ್ ಅಟ್ ದಿ ಗೇಟ್: ಇಷ್ಟಕ್ಕೇ ವಾಕ್ಯ ಮುಗಿಯಿತು

ಕೇಳುಗರಿಗೆಲ್ಲ ನಮಸ್ಕಾರ. ಇಂಗ್ಲಿಷ್ ಕಲಿಕೆಯ ಬಗ್ಗೆ ಹತ್ತು ನಿಮಿಷ ಮಾತಾಡಿ ಎಂದು ಮಡಿಕೇರಿ ಆಕಾಶವಾಣಿಯವರು ಕರೆದಿದ್ದಾರೆ. ಹತ್ತು ನಿಮಿಷದಲ್ಲಿ ಇಡೀ ಇಂಗ್ಲಿಷ್ ಹೇಳಲಿಕ್ಕೆ ಆಗುವುದಿಲ್ಲ. ಹಾಗಾಗಿ ಒಂದೇ ಒಂದು ವಿಷಯ ಹಿಡಿದುಕೊಂಡು ಬಂದಿದ್ದೇನೆ. ಹೋಂಸ್ಟೇ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾ ಕೇಳುತ್ತಿರುವವರು, ಜೀಪಿನಲ್ಲಿ ಬಾಡಿಗೆಗೆ ಕಾಯುತ್ತಿರುವವರು, ತೋಟದ ಲೆಕ್ಕ ಬರೆಯುವ ರೈಟರುಗಳು, ಅಂಗಡಿಯಲ್ಲಿ ಜೇನು, ಕರಿಮೆಣಸು ಮಾರುವ ಹೆಣ್ಣುಮಕ್ಕಳು, ಇದು ನಿಮಗಾಗಿ.

ಆ್ಯಮ್, ಈಸ್, ಆರ್, ವಾಸ್, ವರ್. ಇವೆಲ್ಲ ಒಂದೇ ಕ್ರಿಯಾಪದದ ರೂಪಗಳು. ಅದರ ಹೆಸರು ಬಿ. ಬಿ, ಬೀಯಿಂಗ್, ಬೀನ್ ಮೂರನ್ನೂ ಸೇರಿಸಿದರೆ ಒಟ್ಟು 8 ರೂಪ. ಇನ್ನೊಂದು ಕಡೆ ಇನ್, ಆನ್, ಅಟ್, ಅಂಡರ್, ಬಿಹೈಂಡ್, ಫ್ರಮ್, ವಿತ್, ಫಾರ್ ಇವೆ. ಇವು ಪ್ರೆಪೊಸಿಷನ್‌ಗಳು. ಒಂದು ಪ್ರೆಪೊಸಿಷನ್ ತೆಗೆದುಕೊಂಡು ಅದರ ನಂತರ ಜಾಗದ್ದೋ ವಸ್ತುವಿನದ್ದೋ ಒಂದು ಹೆಸರು ಸೇರಿಸಿ. 'ಅಟ್ ದಿ ಗೇಟ್.' ಈಗ ಶುರುವಿಗೆ 'ಐ ಆ್ಯಮ್' ಸೇರಿಸಿ. 'ಐ ಆ್ಯಮ್ ಅಟ್ ದಿ ಗೇಟ್.' ಮುಗಿಯಿತು. ಇದು ಪೂರ್ತಿ ವಾಕ್ಯ. ಬೇರೆ ಕ್ರಿಯಾಪದ ಹುಡುಕಬೇಡಿ. ಇದ್ದ ಬಿ ಕ್ರಿಯಾಪದವನ್ನು ಬಿಡಲೂಬೇಡಿ. ಇವತ್ತು ನಾನು ಹೇಳುವುದು ಇಷ್ಟೇ. ಮತ್ತೆ ಮತ್ತೆ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಇದು ನಮಗೆ ಯಾಕೆ ಕಷ್ಟ? ಕನ್ನಡದಲ್ಲಿ 'ಅಪ್ಪ ತೋಟದಲ್ಲಿ' ಅಂದರೆ ಸಾಕು, 'ಮೀಟಿಂಗ್ ಹತ್ತು ಗಂಟೆಗೆ' ಅಂದರೆ ಸಾಕು. ಕ್ರಿಯಾಪದವೇ ಬೇಕಾಗಿಲ್ಲ. ಅದೇ ಅಭ್ಯಾಸದಲ್ಲಿ ಇಂಗ್ಲಿಷಿನಲ್ಲೂ 'ಫಾದರ್ ಇನ್ ದಿ ಎಸ್ಟೇಟ್' ಅನ್ನುತ್ತೇವೆ. ಇಂಗ್ಲಿಷಿಗೆ ಅದು ಸಾಲುವುದಿಲ್ಲ. ನಡುವೆ 'ಈಸ್' ಬೇಕೇ ಬೇಕು. ಕೆಲವು ಸಲ ಇದರ ಉಲ್ಟಾ ಆಗುತ್ತದೆ. ನಾವು 'ನಮ್ಮ ಮನೆ ಶಾಲೆ ಹತ್ತಿರ ಬರುತ್ತದೆ' ಅನ್ನುತ್ತೇವೆ ಅಲ್ವಾ? ಅದನ್ನೇ 'ಮೈ ಹೌಸ್ ಈಸ್ ಕಮಿಂಗ್ ನಿಯರ್ ದಿ ಸ್ಕೂಲ್' ಎಂದುಬಿಡುತ್ತೇವೆ. ಮನೆ ಎಲ್ಲಿಗೂ ಬರುತ್ತಿಲ್ಲ. 'ಮೈ ಹೌಸ್ ಈಸ್ ನಿಯರ್ ದಿ ಸ್ಕೂಲ್.' ಇನ್ನು 'ಐ ಆ್ಯಮ್ ದೇರ್ ಇನ್ ದಿ ಆಫೀಸ್.' ಆ 'ದೇರ್' ಯಾಕೆ? ಸುಮ್ನೆ ಭಾರ. 'ಐ ಆ್ಯಮ್ ಇನ್ ದಿ ಆಫೀಸ್.'

ನನ್ನ ತರಗತಿಗೆ ಕಕ್ಕಬ್ಬೆ ಕಡೆಯ ಒಬ್ಬ ಹುಡುಗ ಬರುತ್ತಿದ್ದ. ಮನೆಯವರು ಹೋಂಸ್ಟೇ ಮಾಡಿದ್ದರು. ಬುದ್ಧಿವಂತ, ಶಬ್ದಗಳೂ ಬೇಕಾದಷ್ಟು ಗೊತ್ತಿದ್ದವು. ಜುಲೈ ತಿಂಗಳ ಒಂದು ಸಂಜೆ ಇಂಗ್ಲೆಂಡಿನ ವಯಸ್ಸಾದ ದಂಪತಿ ಅವರಲ್ಲಿಗೆ ಹೊರಟಿದ್ದರು. ಬಾಡಿಗೆ ಕಾರು, ತಾವೇ ಓಡಿಸುತ್ತಿದ್ದರು. ನಾಪೋಕ್ಲು ದಾಟಿದ ಮೇಲೆ ಮಳೆ, ಮಂಜು, ನೆಟ್‌ವರ್ಕ್ ಇಲ್ಲ. ಹುಡುಗನ ಮನೆ ಇರುವುದು ನಾಲ್ಕುನಾಡು ಅರಮನೆಯ ಹಿಂದಿನ ಗುಡ್ಡದಲ್ಲಿ. 1792ರ ಹೊತ್ತಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಲು ತೊಡಗಿದ ಅರಮನೆ ಅದು. ತಡಿಯಂಡಮೋಳ್ ಬೆಟ್ಟ ಹತ್ತುವವರು ಅದನ್ನು ನೋಡಿಯೇ ಹೋಗುತ್ತಾರೆ. ದಾರಿ ತಪ್ಪಬಾರದೆಂದು ಹುಡುಗ ಜೀಪು ತೆಗೆದುಕೊಂಡು ಕಕ್ಕಬ್ಬೆ ಜಂಕ್ಷನ್ನಿಗೆ ಬಂದು ನಿಂತಿದ್ದ. ಅಷ್ಟರಲ್ಲಿ ಫೋನು ಬಂತು. 'ವೇರ್ ಆರ್ ಯು?'

ಇವನು ಹೇಳಿದ: 'ಮೈ ಜೀಪ್ ಜಂಕ್ಷನ್. ಮೈ ಹೌಸ್ ಕಮಿಂಗ್ ಪ್ಯಾಲೇಸ್ ಬಿಹೈಂಡ್.' ಫೋನು ಕಟ್.

ಅವರ ಕಿವಿಗೆ ಗಟ್ಟಿಯಾಗಿ ಬಿದ್ದದ್ದು ಮೂರು ಶಬ್ದ. ಕಮಿಂಗ್, ಪ್ಯಾಲೇಸ್, ಬಿಹೈಂಡ್. ಹುಡುಗ ಜೀಪಿನಲ್ಲಿ ಬರುತ್ತಿದ್ದಾನೆ, ಅರಮನೆಯ ಹಿಂದೆ ಸಿಗುತ್ತಾನೆ ಎಂದುಕೊಂಡರು. ಮಂಜಿನಲ್ಲಿ ಜೀಪು ಕಾಣಲೇ ಇಲ್ಲ, ಜಂಕ್ಷನ್ ದಾಟಿ ಹೋದರು. ಬೋರ್ಡು ನೋಡಿಕೊಂಡು ಅರಮನೆ ತಲುಪಿ ಅದರ ಹಿಂದೆ ಹೋಗಿ ಕಾದರು. ಹುಡುಗ ಜಂಕ್ಷನ್ನಿನಲ್ಲಿ, ಅವರು ಅರಮನೆಯ ಹಿಂದೆ. ಇಬ್ಬರೂ ಮಳೆಯಲ್ಲಿ. ಕತ್ತಲಾದ ಮೇಲೆ ಇವನು ಗಾಬರಿಯಿಂದ ಮನೆ ಕಡೆ ಜೀಪು ತಿರುಗಿಸಿದಾಗ ಅರಮನೆ ಹತ್ತಿರ ಕಾರಿನ ದೀಪ ಕಂಡಿತು. ಆ ಅಮ್ಮ ಒಂದು ಗಡುಸು ಮಾತು ಆಡಲಿಲ್ಲವಂತೆ. ಇಷ್ಟೇ ಹೇಳಿದರಂತೆ: 'ವಿ ವರ್ ಬಿಹೈಂಡ್ ದಿ ಪ್ಯಾಲೇಸ್.'

ನೋಡಿ, ಚಳಿಯಲ್ಲಿ ನಡುಗುತ್ತಾ ನಿಂತವರು ಹೇಳಿದ್ದು ಕೂಡ ಬಿ ಕ್ರಿಯಾಪದ, ಪ್ರೆಪೊಸಿಷನ್, ಒಂದು ಹೆಸರು. ಹುಡುಗ ಬಂದು ಇದನ್ನು ಹೇಳಿದಾಗ ನಾನು ಬೋರ್ಡಿನ ಮೇಲೆ ಮೂರು ಸಾಲು ಬರೆದೆ. 'ಐ ಆ್ಯಮ್ ಅಟ್ ದಿ ಜಂಕ್ಷನ್. ದಿ ಜೀಪ್ ಈಸ್ ಆನ್ ದಿ ಲೆಫ್ಟ್. ದಿ ಹೌಸ್ ಈಸ್ ಬಿಹೈಂಡ್ ದಿ ಪ್ಯಾಲೇಸ್.' ಇದರಲ್ಲಿ ಅವನಿಗೆ ಗೊತ್ತಿಲ್ಲದ ಶಬ್ದ ಒಂದೂ ಇರಲಿಲ್ಲ. ಇನ್ನೊಂದು ಗಮನಿಸಿ. ನಾವು 'ಅರಮನೆಯ ಹಿಂದೆ' ಅನ್ನುತ್ತೇವೆ, ಹಿಂದೆ ಅನ್ನುವುದು ಕೊನೆಗೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮೊದಲು. ಬಿಹೈಂಡ್ ದಿ ಪ್ಯಾಲೇಸ್. ಆ ಹುಡುಗ ಈಗ ಅತಿಥಿಗಳಿಗೆ ಮುಂಚೆಯೇ ಇಂಥ ಮೂರು ಸಾಲು ವಾಟ್ಸ್ಆ್ಯಪ್ ಮಾಡಿಬಿಡುತ್ತಾನೆ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಈ ಜೋಡಣೆ ಜಾಗ ಹೇಳಲಿಕ್ಕೆ ಮಾತ್ರ ಅಲ್ಲ. ನಾವು ಬೇರೆ ಕ್ರಿಯಾಪದ ಬಳಸುವ ಎಷ್ಟೋ ಕಡೆ ಇಂಗ್ಲಿಷ್ ಬಿ ಕ್ರಿಯಾಪದದಲ್ಲೇ ಮುಗಿಸುತ್ತದೆ. ಕಾವೇರಿ ತುಂಬಿ ಹರಿಯುತ್ತಿದೆ: 'ದಿ ರಿವರ್ ಈಸ್ ಇನ್ ಸ್ಪೇಟ್.' ಭಾಗಮಂಡಲದ ರಸ್ತೆ ಮುಳುಗಿದೆ: 'ದಿ ರೋಡ್ ಈಸ್ ಅಂಡರ್ ವಾಟರ್.' ಹೂ ಮಳೆ ಬಿದ್ದು ಕೆಲವು ದಿನಕ್ಕೆ ತೋಟವೆಲ್ಲ ಬೆಳ್ಳಗಾಗಿ ಘಮ್ಮೆನ್ನುತ್ತದೆ. ಅತಿಥಿಗಳು ಏನಿದು ಎಂದು ಕೇಳುತ್ತಾರೆ. ಹೇಳಿ: 'ದಿ ಕಾಫಿ ಈಸ್ ಇನ್ ಬ್ಲಾಸಮ್.' ಎಷ್ಟು ಚಂದದ ವಾಕ್ಯ! ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ರಿಪೇರಿ ಮಾಡುತ್ತಿದ್ದಾರೆ: 'ದಿ ಪಲ್ಪರ್ ಈಸ್ ಅಂಡರ್ ರಿಪೇರ್.' ರೈಟರ್ ರಜೆ ಹಾಕಿದ್ದಾರೆ: 'ದಿ ರೈಟರ್ ಈಸ್ ಆನ್ ಲೀವ್.' ಜೇನು ಖಾಲಿಯಾಗಿದೆ: 'ದಿ ಹನಿ ಈಸ್ ಔಟ್ ಆಫ್ ಸ್ಟಾಕ್.' ಇವನ್ನು ಬಿಡಿಸಿ ಅರ್ಥ ಮಾಡಲಿಕ್ಕೆ ಹೋಗಬೇಡಿ. 'ಆನ್ ಲೀವ್' ಅಂದರೆ ರಜೆಯಲ್ಲಿ, 'ಇನ್ ಎ ಹರಿ' ಅಂದರೆ ಅವಸರದಲ್ಲಿ, ಹಾಗೇ ಇಡಿಯಾಗಿ ನೆನಪಿಟ್ಟುಕೊಳ್ಳಿ. ದಪ್ಪ ಡಿಕ್ಷನರಿ ಬಾಯಿಪಾಠ ಮಾಡುವವರು ಈ ಪುಟ್ಟ ಜೋಡಿಗಳನ್ನು ಯಾಕೆ ಬಿಡುತ್ತಾರೋ ನನಗೆ ಇನ್ನೂ ಅರ್ಥವಾಗಿಲ್ಲ.

ಸಮಯ ಹತ್ತಿರ ಬರುತ್ತಿದೆ ಎಂದು ಗಾಜಿನಾಚೆಯಿಂದ ಸನ್ನೆ ಮಾಡುತ್ತಿದ್ದಾರೆ. ಬೇಗ ಬೇಗ ಹೇಳುತ್ತೇನೆ.

ಸಮಯಕ್ಕೂ ಇದೇ ಜೋಡಣೆ. ಗಂಟೆಗೆ ಅಟ್, ದಿನಕ್ಕೆ ಆನ್, ತಿಂಗಳಿಗೆ ಇನ್. 'ದಿ ಬಸ್ ಈಸ್ ಅಟ್ ಸಿಕ್ಸ್.' ನಮ್ಮ ಕೊಡವರ ಹಬ್ಬಕ್ಕೆ 'ಕೈಲ್ ಪೊಳ್ದ್ ಈಸ್ ಆನ್ ಸೆಪ್ಟೆಂಬರ್ 3.' 'ತುಲಾ ಸಂಕ್ರಮಣ ಈಸ್ ಇನ್ ಅಕ್ಟೋಬರ್.' ಊರು ಹೇಳಲಿಕ್ಕೆ 'ಐ ಆ್ಯಮ್ ಫ್ರಮ್ ವಿರಾಜಪೇಟೆ.' 'ಕಮಿಂಗ್ ಫ್ರಮ್' ಅಂದರೆ ಈಗಷ್ಟೇ ಅಲ್ಲಿಂದ ಬರುತ್ತಿದ್ದೀರಿ ಎಂದಾಗುತ್ತದೆ.

ಈ ಜೋಡಣೆಯಲ್ಲಿ ಪ್ರಶ್ನೆ ಕೇಳುವಾಗ 'ಡು', 'ಡಸ್' ತರಬೇಡಿ. ಈಸ್ ಅನ್ನು ಮುಂದಕ್ಕೆ ತನ್ನಿ, ಸಾಕು. 'ಈಸ್ ದಿ ಮ್ಯಾನೇಜರ್ ಇನ್ ದಿ ಆಫೀಸ್?' ಇಲ್ಲ ಅನ್ನಲಿಕ್ಕೆ ಈಸ್ ನಂತರ ನಾಟ್. 'ಹೀ ಈಸ್ ನಾಟ್ ಇನ್ ದಿ ಆಫೀಸ್.'

ಅತಿಥಿಗೆ ಗೊತ್ತಿಲ್ಲದ ಹೊಸ ವಸ್ತು ಹೇಳುವಾಗ ಮಾತ್ರ 'ದೇರ್' ಬೇಕು, ಅದೂ ಶುರುವಿನಲ್ಲಿ. ಶೂ ಒಳಗೆ ಜಿಗಣೆ ಇದೆ: 'ದೇರ್ ಈಸ್ ಎ ಲೀಚ್ ಇನ್ ಯುವರ್ ಶೂ.' ಅವರು ಹೆದರಿ ಆ ಜಿಗಣೆ ಈಗ ಎಲ್ಲಿ ಅಂದರೆ 'ದಿ ಲೀಚ್ ಈಸ್ ಆನ್ ಯುವರ್ ಸಾಕ್ಸ್.'

ಕೊನೆಯದು. ಬಿ ಕ್ರಿಯಾಪದದ ಜೊತೆ 'ಟು' ಹಾಕಿ ಜಾಗ ಹೇಳುವಂತಿಲ್ಲ. 'ಐ ಆ್ಯಮ್ ಟು ಮಡಿಕೇರಿ' ತಪ್ಪು. ಆದರೆ ಬೀನ್ ಬಂದರೆ ಸರಿ. 'ಐ ಹ್ಯಾವ್ ಬೀನ್ ಟು ತಲಕಾವೇರಿ' ಅಂದರೆ ಹೋಗಿ ಬಂದಿದ್ದೇನೆ. 'ಹೀ ಹ್ಯಾಸ್ ಗಾನ್ ಟು ತಲಕಾವೇರಿ' ಅಂದರೆ ಹೋಗಿದ್ದಾನೆ, ಇನ್ನೂ ಬಂದಿಲ್ಲ. ಯಜಮಾನರು ಎಲ್ಲಿ ಎಂದು ಫೋನು ಬಂದರೆ ಈ ಎರಡರಲ್ಲಿ ಯಾವುದು ಹೇಳಬೇಕು ಎಂದು ಈಗ ನಿಮಗೆ ಗೊತ್ತು. ನಮಸ್ಕಾರ.